ಸಂದು

ಬ್ರಹ್ಮಪುರದ ಗಲ್ಲಿಯೊಳಗೆ, ಮಾಳಿಗೆ ಮೇಲೆ, ನನ್ನ ಆಫೀಸು:
ಒಂದು ಮೇಜು, ಒಂದು ಯುಪಿಎಸ್, ಎರಡು ಕುರ್ಚಿ,
ಅದರಲ್ಲೊಂದರ ಕಾಲು ಕುಂಟು.
ಈ ವಾರ ಕುರ್ಚಿಗಳು ಜೀನೆಯ ಮೇಲೆ,
ಮೇಜು ಮೂಲೆಯಲ್ಲಿ,
ಮೇಜಿಗೂ ಗೋಡೆಗೂ ನಡುವೆ ನಾನು.
ನೆಲ ಕಿತ್ತಿದ್ದಾರೆ.

ಲಾಡ್ಲೆಸಾಬ ಗೌಂಡಿ ಬೆಳಿಗ್ಗೆ ಏಳಕ್ಕೇ ಬಂದು
ಶಹಾಬಾದದ ಫರಸಿಗಳನ್ನು ಗೋಡೆಗೆ ಒರಗಿಸಿದ.
ಕಲ್ಲು ಮುಟ್ಟಲಿಲ್ಲ ಆಮೇಲೆ ಎಷ್ಟೋ ಹೊತ್ತು.
ಈ ಗೋಡೆಗೊಂದು ಮೊಳೆ, ಆ ಗೋಡೆಗೊಂದು ಮೊಳೆ,
ನಡುವೆ ಸುಣ್ಣ ಮೆತ್ತಿದ ದಾರ.
ಎರಡು ಬೆರಳಲ್ಲಿ ಎತ್ತಿ, ಬಿಟ್ಟ.
ಟಪ್!
ನೆಲದ ಮೇಲೊಂದು ಬಿಳಿ ಗೆರೆ. ಅಡ್ಡಕ್ಕೊಂದು. ಮತ್ತೊಂದು.
ಮೂಲೆಗೆ ಗುಣ್ಯಾ ಇಟ್ಟು ನೋಡಿ
"ಈ ಖೋಲಿ ಚೌಕ ಇಲ್ಲ ಬೇಟಿ,
ಕಟ್ಟಿದಾಂವ ಅವಸರದಾಗಿದ್ದ" ಅಂದ.

ಅದೇ ಹೊತ್ತಿಗೆ ನನ್ನ ಪರದೆಯ ಮೇಲೆ ಹನ್ನೆರಡು ಕಂಬ,
ತೆಳು ನೀಲಿ ಗೆರೆಗಳು,
ಕಂಬಕ್ಕೂ ಕಂಬಕ್ಕೂ ನಡುವೆ ಇಪ್ಪತ್ತನಾಲ್ಕು ಪಿಕ್ಸೆಲ್ ಬಯಲು.
ಬಸವಂತರಾಯ ಮಾಲಿಪಾಟೀಲರ ಬೇಳೆ ಮಿಲ್ಲಿನ ವೆಬ್‌ಸೈಟು ಅದು.
ಅವರಿಗೆ ಎಲ್ಲವೂ ಮೇಲೇ ಬೇಕು:
ದೇವರು ಮೇಲೆ, ಅವರಪ್ಪನ ಫೋಟೋ ಮೇಲೆ,
ಅವರದು ಇನ್ನೊಂಚೂರು ಮೇಲೆ,
ತೊಗರಿಯ ಇಂದಿನ ದರ, ಓಡುವ ಅಕ್ಷರ, ಎರಡು ಫೋನ್ ನಂಬರು.
"ಇಷ್ಟು ಜಾಗಾ ಖಾಲಿ ಬಿಟ್ಟೀರಿ,
ಅದಕ್ಕೂ ರೊಕ್ಕ ನಾನೇ ಕೊಡಬೇಕೇನ್ರಿ?"

ಖಾಲಿ ಬಿಟ್ಟದ್ದಕ್ಕೇ ಜಾಸ್ತಿ ರೊಕ್ಕ ಅಂತ
ಯಾವ ಬಾಯಿಂದ ಹೇಳಲಿ?

ಮೊದಲ ಕಲ್ಲು ಕೂತಿತು. ಎರಡನೆಯದು ಬರುವ ಮುನ್ನ
ನಡುವೆ ಒಂದು ಸುಟ್ಟ ಕಡ್ಡಿ ನೆಟ್ಟ ಲಾಡ್ಲೆಸಾಬ.
ಒತ್ತಿ ಇಟ್ಟರೆ ಏನಾಗ್ತದೆ ಅಂತ ಕೇಳಿದೆ.
"ಮೇ ತಿಂಗಳ ಬರ್ಲಿ. ಕಲ್ಲಿಗೂ ಸೆಕಿ ಆಗ್ತದ.
ಹಿಗ್ಗಲಾಕ ಸಂದು ಇಲ್ಲಂದ್ರ ಎದ್ದು ನಿಂದರ್ತದ,
ತುಂಬಿದ ಮನ್ಯಾಗ ಸೊಸಿ ಎದ್ದಂಗ."
ನಕ್ಕೆ. ಅವನು ನಗಲಿಲ್ಲ. ಕೊಡತಿಯಿಂದ ತಟ್ಟಿ
ಕಲ್ಲಿನ ದನಿ ಕೇಳುತ್ತಿದ್ದ.

ಮಧ್ಯಾಹ್ನ ಹೊರಗಿನ ವರಾಂಡ. ಅಗಲ ಎರಡಡಿ, ಮೇಲೆ ಒಂದು ಬೆರಳು.
ಒಳಗೆ ಮೂರು ಮೂರು ಹಾಸಿದವನು
ಇಲ್ಲಿ ಉಳಿ ಎತ್ತುತ್ತಾನೆ, ತುಂಡರಿಸುತ್ತಾನೆ ಅಂದುಕೊಂಡೆ.
ಒಂದರ ಹಿಂದೊಂದು ಇಡುತ್ತ ನಡೆದ.
"ಜಾಗಾ ಸಣ್ಣಾತಂದ್ರ ಕಲ್ಲು ಒಡೀಬಾರ್ದು,
ಸಾಲು ಒಡೀಬೇಕು."

ಒಳಗೋಡಿ ಬಂದು ಕಿಟಕಿಯ ಅಂಚು ಹಿಡಿದು ಎಳೆದೆ,
ಮೊಬೈಲಿನಷ್ಟು ಇಕ್ಕಟ್ಟಾಗುವ ತನಕ.
ದೇವರು, ಅಪ್ಪ, ಮಗ, ಮೂರು ಚೀಲ ಬೇಳೆ,
ರೇಷನ್ ಅಂಗಡಿಯ ಪಾಳಿಯಂತೆ
ಒಬ್ಬರ ಕೆಳಗೊಬ್ಬರು ಇಳಿದು ನಿಂತರು. ಯಾರೂ ಕುಗ್ಗಲಿಲ್ಲ.
"ದ್ವಿದಳಧಾನ್ಯಸಂಸ್ಕರಣಾಘಟಕ" ಮಾತ್ರ ಗೆರೆ ದಾಟಿ
ಬಸ್ಸಿನ ಕಿಟಕಿಯಿಂದ ಟವೆಲು ಜೋತುಬಿದ್ದಂತೆ ಹೊರಗೆ.
ಈ ಕಂಬಗಳ ಅಳತೆ ಹಿಡಿದವರ ನುಡಿಯಲ್ಲಿ
ಮಾತುಗಳು ಗಿಡ್ಡ ಇರಬೇಕು.
ಅಳಿಸಿ "ಬೇಳೆ ಮಿಲ್ಲು" ಅಂತ ಬರೆದೆ. ಕೂತಿತು.

ಸಂಜೆ ಮೊಳೆ ಕಿತ್ತ, ದಾರ ಸುತ್ತಿ ಕಿಸೆಗಿಟ್ಟ.
ಬಿಳಿ ಗೆರೆಗಳೆಲ್ಲ ಕಲ್ಲಿನ ಅಡಿಗೆ ಹೋದವು.
ನಾನೂ ನೀಲಿ ಗೆರೆಗಳನ್ನು ಆರಿಸಿದೆ.
ಬಾಗಿಲಲ್ಲಿ ಒಂದು ತಂಬಿಗೆ ನೀರು ಚೆಲ್ಲಿದ:
ನೀರು ಒಂದು ಗಳಿಗೆ ಅನುಮಾನಿಸಿ
ಯಾರೋ ಕರೆದಂತೆ ಮೋರಿಯ ಕಡೆ ಹೊರಟಿತು.

ಪಡುವಣ ಗೋಡೆಯುದ್ದಕ್ಕೂ ಒಂದು ಸೊಟ್ಟ ಪಟ್ಟಿ,
ಅತ್ತ ನಾಲ್ಕು ಬೆರಳು, ಇತ್ತ ಎರಡು:
ಖೋಲಿಯ ತಪ್ಪನ್ನೆಲ್ಲ ಅಲ್ಲಿಗೆ ತಳ್ಳಿದ್ದ.
"ಅಲ್ಮಾರಿ ಅಲ್ಲೇ ಇಡು ಬೇಟಿ."

ಓಡುವ ಅಕ್ಷರವನ್ನು ನಾನು
ಪುಟದ ತೀರ ಕೆಳಗೆ ಇಟ್ಟಿದ್ದೇನೆ.
ಮಾಲಿಪಾಟೀಲರ ಬೆರಳು ಇನ್ನೂ ಅಲ್ಲಿಗೆ ಮುಟ್ಟಿಲ್ಲ.